ಅಡುಗೆಮನೆಯ ಮಾತು: ಎಲ್ಲರಿಗೂ ಒಂದೇ ಪಾತ್ರೆಯ ಸೇಬಿನ ಬಿಸಿ ಪಾನಕ



ಆಗಮನ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ಶುರುವಾಗುತ್ತವೆ. ಒಂದು, ಅಟ್ಟದ ಮೇಲಿಂದ ಗೋದಲಿಯ ಪೆಟ್ಟಿಗೆ ಇಳಿಸುವುದು. ಇನ್ನೊಂದು, ಹಬ್ಬಕ್ಕೆ ಏನೇನು ಮಾಡಬೇಕೆಂದು ಪಟ್ಟಿ ಬರೆಯುವುದು. ಕರ್ಚಿಕಾಯಿ, ಚಕ್ಕಲಿ, ಶಂಕರಪೋಳಿ, ಕೇಕು, ಇವು ಪ್ರತಿ ವರ್ಷ ತಪ್ಪದೆ ಬರುವ ಹೆಸರುಗಳು. ಕಳೆದ ವರ್ಷ ನಾವು ಆ ಪಟ್ಟಿಯಿಂದ ಒಂದು ಹೆಸರನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಬೇರೊಂದನ್ನು ಬರೆದೆವು. ಅದು ಯಾಕೆ, ಹೇಗೆ ಎಂಬುದನ್ನು ಈ ತಿಂಗಳು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇವೆ. ಮನೆಯವರೆಲ್ಲರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ನಾವಿರುವುದು ಉಮರ್ಗಾದಲ್ಲಿ. ನಾದಿನಿಯ ಮನೆ ನಿಲಂಗಾದಲ್ಲಿ, ಭಾವನವರ ಮನೆ ಉದಗೀರದಲ್ಲಿ. ಮಹಾರಾಷ್ಟ್ರದಲ್ಲಿದ್ದುಕೊಂಡು ಕನ್ನಡ ಪತ್ರಿಕೆ ತರಿಸುತ್ತೀರಾ ಎಂದು ಬೆಂಗಳೂರಿನ ಕಡೆಯವರು ಆಶ್ಚರ್ಯಪಡುವುದುಂಟು. ನಿಲಂಗಾ ಮತ್ತು ಉದಗೀರ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಆ ವರ್ಷ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಊರುಗಳು ಆ ಕಡೆ ಹೋದವು, ಮನೆಯ ಮಾತು ಹೋಗಲಿಲ್ಲ. ನಮ್ಮಲ್ಲಿ ಪೂಜೆ ಮರಾಠಿಯಲ್ಲಿ, ಸಂತೆ ಮರಾಠಿಯಲ್ಲಿ. ಜಪಸರ ಮತ್ತು ಜಗಳ ಮಾತ್ರ ಕನ್ನಡದಲ್ಲಿ.

ಕ್ರಿಸ್‌ಮಸ್‌ಗೆ ನಾವೆಲ್ಲ ಸೇರುವುದು ಉದಗೀರದಲ್ಲಿ. ಅತ್ತೆಯವರು ಇದ್ದಾಗಿನಿಂದ ಅಲ್ಲಿ ಒಂದು ಪಿಂಗಾಣಿ ಭರಣಿ ಇತ್ತು. ಬೇಸಿಗೆಯ ಹೊತ್ತಿಗೆ ಸೊಲ್ಲಾಪುರದ ಕಡೆಯಿಂದ ಕಪ್ಪು ದ್ರಾಕ್ಷಿ ಅಗ್ಗಕ್ಕೆ ಬರುತ್ತದಲ್ಲ, ಆಗ ಅತ್ತೆ ದ್ರಾಕ್ಷಾರಸಕ್ಕೆ ಇಡುತ್ತಿದ್ದರು. ನಡುರಾತ್ರಿಯ ಪೂಜೆ ಮುಗಿಸಿ ಬಂದವರೆಲ್ಲರಿಗೂ ಸಣ್ಣ ಗ್ಲಾಸಿನಲ್ಲಿ ಒಂದೊಂದು ಗುಟುಕು. ಅದು ಹಬ್ಬದ ಗುರುತಾಗಿತ್ತು. ಅತ್ತೆ ತೀರಿಕೊಂಡ ಮೇಲೂ ಅಕ್ಕ, ಅಂದರೆ ಭಾವನವರ ಹೆಂಡತಿ, ಅದನ್ನು ಬಿಡದೆ ನಡೆಸಿಕೊಂಡು ಬಂದರು.

ಈಗ ಭಾವನವರ ವಿಷಯ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಸೀಮೆ ನಡುಗಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಇನ್ನೂ 4 ಗಂಟೆ ಆಗಿರಲಿಲ್ಲ. ಹಿಂದಿನ ದಿನ ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಕಿಲ್ಲಾರಿ, ಸಾಸ್ತೂರು ಮೊದಲಾದ ಊರುಗಳ ಕಲ್ಲುಮಣ್ಣಿನ ಮನೆಗಳು ಮಲಗಿದ್ದವರ ಮೇಲೇ ಬಿದ್ದು ಸಾವಿರಾರು ಜನ ತೀರಿಕೊಂಡರು. ಭಾವನವರಿಗೆ ಆಗ ಇಪ್ಪತ್ತೆರಡು ವಯಸ್ಸು. ಗೆಳೆಯರ ಜೊತೆ ಟ್ರಕ್ಕು ಹತ್ತಿ ಹೋಗಿ, ಮಳೆಯಲ್ಲಿ ನಿಂತು, ಹಲವು ದಿನ ಮಣ್ಣು ತೆಗೆದರು. ಊರಿಗೆ ಬಂದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ನಿದ್ದೆಗೆಂದು ಹಿಡಿದ ಗ್ಲಾಸು ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಕೈಬಿಡಲಿಲ್ಲ. ಆ ವರ್ಷಗಳಲ್ಲಿ ಅಕ್ಕ ಏನೇನು ಕಂಡರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಮನೆ ನೋಡಿದವರಿಗೆ ಅದು ಗೊತ್ತು.

ಮೂರು ವರ್ಷದ ಹಿಂದೆ ಭಾವ ಕುಡಿತ ಬಿಟ್ಟರು. ಡಾಕ್ಟರ ಸಲಹೆ ಇತ್ತು, ಕುಡಿತ ಬಿಟ್ಟವರೇ ಕೂಡಿ ನಡೆಸುವ ಸಭೆಯೊಂದರ ಆಸರೆ ಇತ್ತು. ಇವತ್ತು ಒಂದು ದಿನ ಮುಟ್ಟುವುದಿಲ್ಲ ಎಂದುಕೊಳ್ಳುತ್ತಲೇ ಅವರು ದಿನ ದೂಡಿದರು. ನಮಗೆಲ್ಲ ಸಂತೋಷವಾಯಿತು. ಆದರೆ ಕ್ರಿಸ್‌ಮಸ್ ರಾತ್ರಿ ಬಂದಾಗ ನಾವು ಮಾಡಿದ್ದೇನು? ನಮಗೆಲ್ಲ ಭರಣಿಯಿಂದ ದ್ರಾಕ್ಷಾರಸ, ಅವರಿಗೆ ಬೇರೆ ಲೋಟದಲ್ಲಿ ಕಿತ್ತಳೆ ಶರಬತ್ತು. ಅದನ್ನು ನಾವು ಕಾಳಜಿ ಎಂದುಕೊಂಡಿದ್ದೆವು. ಮಗುವೊಂದು ದೊಡ್ಡಪ್ಪನಿಗೆ ಯಾಕೆ ಬೇರೆ ಎಂದು ಎಲ್ಲರೆದುರು ಕೇಳಿತು. ಭಾವ ನಕ್ಕರು. ಆಮೇಲೆ ಊಟ ಮಾಡದೆ ಹೋಗಿ ಮಲಗಿಬಿಟ್ಟರು. ಮರುವರ್ಷವೂ ಹಾಗೆಯೇ ಆಯಿತು.

ಕಳೆದ ವರ್ಷ ನವೆಂಬರ್ ಕೊನೆಗೆ ಅಕ್ಕನ ಫೋನು ಬಂತು. “ಈ ಸಲ ಭರಣಿ ಇಡಂಗಿಲ್ಲ. ಪೂಜಿಯಿಂದ ಬಂದ್ ಮ್ಯಾಲೆ ಎಲ್ಲಾರ ಕೈಯಾಗೂ ಒಂದೇ ಇರಬೇಕು. ಏನು ಕೊಡೋದು ಅಂತ ನೀವೇ ಹೇಳ್ರಿ,” ಎಂದರು. ಚಹಾ ಆಗಬಹುದು, ಆದರೆ ಚಹಾ ದಿನಾ ಕುಡಿಯುವುದು. ಹಬ್ಬಕ್ಕೆ ಹಬ್ಬದ್ದೇ ಬೇಕು.

ಉಪಾಯ ಬಂದದ್ದು ದೂರದಿಂದ. ಭಾವನವರ ಮಗ ಅಮೆರಿಕದ ಮಿಶಿಗನ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿ ಸೇಬಿನ ತೋಟಗಳು ಬಹಳ. ಚಳಿ ಶುರುವಾದಾಗ ಸೇಬಿನ ರಸಕ್ಕೆ ದಾಲ್ಚಿನ್ನಿ, ಲವಂಗ ಹಾಕಿ ಕುದಿಸಿ ಬಿಸಿಬಿಸಿಯಾಗಿ ಕುಡಿಯುತ್ತಾರಂತೆ. ಹೆಸರು ಸೈಡರ್. “ಕಾಕು, ಅಪ್ಪಾಜಿಗ ಇದು ನಡೀತದ,” ಎಂದ. ಅಕ್ಕನಿಗೆ ತಿಳಿಸಿದರೆ ಅವರು ಗಾಬರಿಯಾದರು. ಆ ಹೆಸರಿನ ಬಾಟಲಿಯನ್ನು ಸೊಲ್ಲಾಪುರದ ಅಂಗಡಿಯೊಂದರಲ್ಲಿ ನೋಡಿದ್ದರಂತೆ. “ಅದೂ ದಾರೂನೇ ಅಲ್ಲೇನು?” ಎಂದು ಕೇಳಿದರು.

ಅಕ್ಕನ ಅನುಮಾನ ಸುಳ್ಳಲ್ಲ. ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಸೈಡರ್ ಎಂದರೆ ಹುಳಿಸಿದ ಸೇಬಿನ ಮದ್ಯವೇ. ಅಮೆರಿಕ, ಕೆನಡಾಗಳಲ್ಲಿ ಮಾತ್ರ ಸಾಮಾನ್ಯವಾಗಿ ಅದು ಹುಳಿಸದ ತಾಜಾ ರಸದ ಹೆಸರು. ಈ ಪದದ ಬೇರು ನಮಗೆಲ್ಲ ಗೊತ್ತಿರುವ ಜಾಗದಲ್ಲೇ ಇದೆ. ಹೀಬ್ರೂ ಭಾಷೆಯಲ್ಲಿ ಅಮಲಿನ ಪಾನೀಯಕ್ಕೆ ‘ಶೇಖಾರ್’ ಎನ್ನುತ್ತಾರೆ. ಅದು ಗ್ರೀಕ್ ಮತ್ತು ಲ್ಯಾಟಿನ್‌ಗೆ ಬಂದು ‘ಸಿಕೆರಾ’ ಆಯಿತು, ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿನಲ್ಲಿ ‘ಸೈಡರ್’ ಆಯಿತು. ಸಂತ ಲೂಕರ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ದೇವದೂತರು ಜಕರೀಯನಿಗೆ, ಹುಟ್ಟಲಿರುವ ಮಗ ಯೊವಾನ್ನ ದ್ರಾಕ್ಷಾರಸ, ಮದ್ಯ ಮುಟ್ಟುವವನಲ್ಲವೆಂದು ತಿಳಿಸುತ್ತಾರಲ್ಲ, ಅಲ್ಲಿ ಮದ್ಯಕ್ಕೆ ಗ್ರೀಕ್ ಮೂಲದಲ್ಲಿರುವುದು ಈ ‘ಸಿಕೆರಾ’ ಪದವೇ. 14ನೆಯ ಶತಮಾನದ ಇಂಗ್ಲಿಷ್ ಬೈಬಲಿನಲ್ಲಿ ಆ ಜಾಗದಲ್ಲಿ ಸೈಡರ್ ಎಂದೇ ಬರೆದದ್ದುಂಟು. ಹೀಗಾಗಿ ನಾವು ಆ ಹೆಸರನ್ನೇ ಬಿಟ್ಟೆವು. ಸೇಬಿನ ಬಿಸಿ ಪಾನಕ ಎಂದೇ ಕರೆದೆವು.

ಹೆಸರು ಬಿಟ್ಟರೂ ಸೇಬು ತನ್ನ ಗುಣ ಬಿಡುವುದಿಲ್ಲ ಎಂದು ನಾವು ಕಲಿತದ್ದು ಡಿಸೆಂಬರ್ ಎರಡನೆಯ ವಾರದಲ್ಲಿ. ಮೊದಲು ಮನೆಯಲ್ಲೇ ಮಾಡಿ ನೋಡೋಣವೆಂದು ಉಮರ್ಗಾ ಬಜಾರಿನಿಂದ ಸೇಬು ತಂದೆವು. ಹೋಳು ಮಾಡಿ, ಮಿಕ್ಸಿಯಲ್ಲಿ ರುಬ್ಬಿ, ಬಿಳಿ ಬಟ್ಟೆಯಲ್ಲಿ ಹಿಂಡಿದೆವು. ರಸ ಚೆನ್ನಾಗಿತ್ತು. ಅರ್ಧ ಕುಡಿದು ಉಳಿದದ್ದನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಮರೆತೆವು. ಮೂರನೆಯ ದಿನ ನೋಡಿದರೆ ಬಾಟಲಿ ಉಬ್ಬಿದೆ. ಮುಚ್ಚಳ ತಿರುಗಿಸಿದೊಡನೆ ‘ಸುಸ್’ ಎಂದು ನೊರೆ ಉಕ್ಕಿತು. ವಾಸನೆ ನಮಗೆ ಹೊಸದಲ್ಲ. ಅತ್ತೆಯವರ ಭರಣಿಯ ವಾಸನೆಯೇ.

ನಡೆದದ್ದು ಇಷ್ಟು. ಹಣ್ಣಿನ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಯೀಸ್ಟ್ ಇರುತ್ತದೆ. ಹಸಿ ರಸ ಬೆಚ್ಚಗಿನ ಜಾಗದಲ್ಲಿದ್ದರೆ ಅದು ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಗಾಳಿಯನ್ನೂ ಬಿಡುತ್ತದೆ. ಯಾರೂ ಏನೂ ಬೆರೆಸಬೇಕಾಗಿಲ್ಲ. ಪ್ರಯಾಣಕ್ಕೆ ಸುಲಭವಾಗಲೆಂದು ನಾವು ಇಲ್ಲಿಂದಲೇ ರಸ ಹಿಂಡಿ, ದಾರಿಯಲ್ಲಿ ನಿಲಂಗಾದಲ್ಲಿ ಒಂದು ದಿನ ತಂಗಿ, ಉದಗೀರಕ್ಕೆ ಒಯ್ಯಬೇಕೆಂದಿದ್ದೆವು. ಹಾಗೆ ಒಯ್ದಿದ್ದರೆ ನಮ್ಮ ಕೈಯಾರೆ ಭಾವನವರಿಗೆ ಏನು ಕೊಡುತ್ತಿದ್ದೆವು ಎಂದು ನೆನೆದು ಮೈ ನಡುಗಿತು. ಆ ಬಾಟಲಿಯನ್ನು ಮೋರಿಗೆ ಸುರಿದೆವು. ಹಣ್ಣನ್ನು ಹಣ್ಣಾಗಿಯೇ ಒಯ್ದು, ಅಲ್ಲೇ, ಅದೇ ಸಂಜೆ ಕುದಿಸಬೇಕೆಂದು ನಿಶ್ಚಯಿಸಿದೆವು.

ನಿಲಂಗಾದಲ್ಲಿ ಇನ್ನೊಂದು ಮಾತು ಬಂತು. ನಾದಿನಿಯ ಗಂಡ, “ಕುದಿಯೋದ್ರಾಗ ಎಲ್ಲಾ ಹಾರಿ ಹೋಗ್ತದ, ಘಮಕ್ಕಂತ ಒಂದ್ ಮುಚ್ಚಳ ರಮ್ ಹಾಕ್ರಿ,” ಎಂದರು. ಬಹಳ ಜನ ಹೀಗೆಯೇ ನಂಬಿದ್ದಾರೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಅಡುಗೆಯಲ್ಲಿ ಬೆರೆಸಿದ ಮದ್ಯಸಾರದಲ್ಲಿ ಅರ್ಧ ಗಂಟೆ ಕುದಿಸಿದ ಮೇಲೂ ಸುಮಾರು ಶೇ. 35 ಉಳಿಯುತ್ತದೆ. ಎರಡೂವರೆ ಗಂಟೆ ಕುದಿಸಿದರೂ ಸುಮಾರು ಶೇ. 5 ಇರುತ್ತದೆ. ಕುಡಿತ ಬಿಡಲು ಡೈಸಲ್ಫಿರಾಮ್ ಎಂಬ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ವಲ್ಪ ಮದ್ಯಾಂಶವೂ ಅಪಾಯ. ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ವಾಂತಿಯಾಗುತ್ತದೆ. ಇನ್ನು ಮಾತ್ರೆ ತೆಗೆದುಕೊಳ್ಳದವರಿಗೂ ಆ ವಾಸನೆಯೇ ಸಾಕು, ಹಳೆಯ ದಾರಿ ನೆನಪಿಸಲು. ನಾವು ಇದನ್ನು ಹೇಳಿದಾಗ ಅವರು ಸುಮ್ಮನಾದರು. ಬೇಸರವಾಯಿತೇನೋ ಎಂದುಕೊಂಡೆವು.

ಕ್ರಿಸ್‌ಮಸ್ ಹಿಂದಿನ ಸಂಜೆ ಉದಗೀರದ ಅಂಗಳದಲ್ಲಿ ದೊಡ್ಡ ಸ್ಟೀಲ್ ಪಾತ್ರೆ ಇಟ್ಟೆವು. ಪೂಜೆಗೆ ಹೋಗುವ ಮುನ್ನ ಕುದಿಸಿ, ಸೋಸಿ, ಮುಚ್ಚಿಟ್ಟು ಹೋದೆವು. ಬಂದೊಡನೆ ಮತ್ತೆ ಒಲೆ ಹಚ್ಚಿ ಬೆಲ್ಲ ಹಾಕಿದೆವು. ಸೌಟು ಕೇಳಿ ತೆಗೆದುಕೊಂಡು ಕೊನೆಯವರೆಗೂ ತಿರುವುತ್ತ ನಿಂತವರು ನಾದಿನಿಯ ಗಂಡನೇ. ಮೊದಲೆಲ್ಲ ಈ ಹೊತ್ತಿಗೆ ಗಂಡಸರು ಮಾಳಿಗೆ ಹತ್ತುವುದು ವಾಡಿಕೆ. ಅವತ್ತು ಯಾರೂ ಹತ್ತಲಿಲ್ಲ. ಭಾವ ಗೇಟಿನ ಹತ್ತಿರವೇ ನಿಂತಿದ್ದರು. ಚಿಕ್ಕವರಿಂದ ದೊಡ್ಡವರವರೆಗೆ ಎಲ್ಲರಿಗೂ ಒಂದೇ ಬಗೆಯ ಸ್ಟೀಲ್ ಲೋಟ, ಒಂದೇ ಪಾತ್ರೆಯಿಂದ. ಭಾವ ಲೋಟ ಹಿಡಿದು ಮೊದಲು ಮೂಸಿದರು, ಅಕ್ಕನ ಮುಖ ನೋಡಿದರು. ಅಕ್ಕ ತಮ್ಮ ಲೋಟದಿಂದ ಒಂದು ಗುಟುಕು ಕುಡಿದು ತೋರಿಸಿದರು. ಸ್ವಲ್ಪ ಹೊತ್ತಿನ ಮೇಲೆ, “ಇನ್ನೊಂದಿಷ್ಟು ಹಾಕ್ ತಾಯಿ,” ಎಂದು ಲೋಟ ಮುಂದೆ ಚಾಚಿದರು.

ಆ ರಾತ್ರಿ ಅವರು ಎರಡು ಗಂಟೆಯವರೆಗೆ ನಮ್ಮ ಜೊತೆ ಕುಳಿತಿದ್ದರು. ಮಕ್ಕಳು ಕೇಳಿದ್ದಕ್ಕೆ ಮೊದಲ ಸಲ ಕಿಲ್ಲಾರಿಯ ಕಡೆಯ ಆ ದಿನಗಳ ಮಾತು ತೆಗೆದರು. ಮಣ್ಣಿನಡಿಯಿಂದ ಒಬ್ಬ ಮುದುಕಿಯನ್ನು ಜೀವಂತವಾಗಿ ಎತ್ತಿದ್ದರಂತೆ. ಆಕೆ ಕಣ್ಣು ಬಿಟ್ಟು ಕೇಳಿದ್ದು ಒಂದು ಗುಟುಕು ಚಹಾ. ಯಾರೋ ಎಲ್ಲಿಂದಲೋ ಹಾಲಿಲ್ಲದ ಬೆಲ್ಲದ ಚಹಾ ತಂದುಕೊಟ್ಟರು, ಅದೇ ಕಪ್ಪಿನಿಂದ ಇವರೂ ಕುಡಿದರು. “ಆ ಮುದುಕೀದು ನೆನಪೇ ಹೋಗಿತ್ತು ನೋಡು, ಬರೇ ಸತ್ತವರೇ ನೆನಪಿದ್ರು,” ಎಂದರು. ಅಕ್ಕ ಎದ್ದು ಒಳಗೆ ಹೋದರು. ನಾವ್ಯಾರೂ ಏನೂ ಮಾತಾಡಲಿಲ್ಲ.

ಒಂದು ಲೋಟ ಪಾನಕದಿಂದ ಯಾರ ಕುಡಿತವೂ ಬಿಡುವುದಿಲ್ಲ. ಅದಕ್ಕೆ ಡಾಕ್ಟರು ಬೇಕು, ಜೊತೆಯವರು ಬೇಕು, ಪ್ರಾರ್ಥನೆ ಬೇಕು, ದಿನದಿನದ ಛಲ ಬೇಕು. ಬಿಟ್ಟವರನ್ನು ಹಬ್ಬದ ದಿನ ಪಂಕ್ತಿಯಿಂದ ಬೇರೆ ಕೂರಿಸದಿರುವುದು ಮಾತ್ರ ನಮ್ಮ ಕೈಯಲ್ಲಿದೆ. ಅವರ ಸಲುವಾಗಿ ನಾವು ಒಂದು ಗುಟುಕು ಬಿಡಲಾರೆವಾದರೆ, ಅವರು ಅಷ್ಟೆಲ್ಲ ಬಿಡಲಿ ಎಂದು ಕೇಳುವುದು ಹೇಗೆ?

ಈಗ ಮಾಡುವ ವಿಧಾನ. ಹದಿನೈದು ಜನಕ್ಕೆ ಸಣ್ಣ ಲೋಟದಲ್ಲಿ ಒಂದೊಂದು ಸಲ ಸಾಕಾಗುವ ಲೆಕ್ಕ ಇದು.

ಬೇಕಾಗುವ ಸಾಮಾನು: ಸೇಬು 2 ಕಿಲೋ, ನೀರು 3 ಲೀಟರ್, ಬೆರಳುದ್ದದ ದಾಲ್ಚಿನ್ನಿ 3 ತುಂಡು, ಲವಂಗ 8, ಜಜ್ಜಿದ ಹಸಿಶುಂಠಿ ಒಂದು ಇಂಚು, ಏಲಕ್ಕಿ 4, ಒಂದು ಕಿತ್ತಳೆಯ ಸಿಪ್ಪೆ ಮತ್ತು ರಸ, ಬೆಲ್ಲ 100 ಗ್ರಾಂ, ನಿಂಬೆಹಣ್ಣು 1, ಚಿಟಿಕೆ ಉಪ್ಪು.

ಸೇಬಿಗೆ ಹೆಚ್ಚು ಹಣ ಹಾಕಬೇಕಾಗಿಲ್ಲ. ಡಿಸೆಂಬರಿನಲ್ಲಿ ನಮ್ಮ ಬಜಾರಿಗೆ ಕಾಶ್ಮೀರದ ಸೇಬು, ಶೀತಗೃಹದಲ್ಲಿಟ್ಟ ಹಿಮಾಚಲದ ಸೇಬು ಬರುತ್ತವೆ. ಆಕಾರ ಕೆಟ್ಟದ್ದು, ಸಿಪ್ಪೆ ಸುಕ್ಕಾದದ್ದು ಕಡಿಮೆ ಬೆಲೆಗೆ ಸಿಗುತ್ತದೆ, ಅದೇ ಸಾಕು. ಕೊಳೆತದ್ದು ಮಾತ್ರ ಬೇಡ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಕೆಂಪು ಡೆಲಿಶಿಯಸ್ ಸೇಬು ಮೂಲತಃ ಅಮೆರಿಕದ್ದೇ. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಅಲ್ಲಿಂದ ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ತರುಣ ಶಿಮ್ಲಾ ಹತ್ತಿರದ ಕೋಟ್‌ಗಢದಲ್ಲಿ ನೆಲೆಸಿ, ಮುಂದೆ ಈ ತಳಿಯನ್ನು ತರಿಸಿ ನೆಟ್ಟು ರೈತರಿಗೂ ಹಂಚಿದರು. ಈ ಹಣ್ಣಿನಲ್ಲಿ ಸಿಹಿ ಹೆಚ್ಚು, ಹುಳಿ ಕಡಿಮೆ. ಆದ್ದರಿಂದಲೇ ನಿಂಬೆಹಣ್ಣು ಬೇಕಾಗುತ್ತದೆ.

ಮಾಡುವ ಕ್ರಮ: ಸೇಬಿನ ಸಿಪ್ಪೆಯ ಮೇಲೆ ಮೇಣ ಹಚ್ಚಿರುವುದುಂಟು. ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆಯಬೇಡಿ, ಬಣ್ಣವೂ ಘಮವೂ ಅದರಲ್ಲೇ ಇದೆ. ನಡುವಿನ ಗಟ್ಟಿ ಭಾಗ ಮತ್ತು ಬೀಜ ತೆಗೆದುಹಾಕಿ; ಸೇಬಿನ ಬೀಜ ಜಜ್ಜಿದರೆ ವಿಷಾಂಶ ಬಿಡುತ್ತದೆ. ಹೋಳುಗಳನ್ನು ನೀರಿಗೆ ಹಾಕಿ. ಮಸಾಲೆ ಮತ್ತು ಕಿತ್ತಳೆ ಸಿಪ್ಪೆಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡಿ. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಪದರ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಕಹಿಯಾಗುತ್ತದೆ.

ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಿ, ಒಂದು ಗಂಟೆ ಬಿಡಿ. ಹೋಳು ಮೆತ್ತಗಾದಾಗ ಸೌಟಿನಿಂದ ಕಿವುಚಿ. ಮತ್ತೆ ಅರ್ಧ ಗಂಟೆ ಸಣ್ಣ ಉರಿ. ಇಳಿಸಿ, ಸ್ವಲ್ಪ ಆರಿದ ಮೇಲೆ ಬಿಳಿ ಬಟ್ಟೆಯಲ್ಲಿ ಸೋಸಿ ಹಿಂಡಿ. ಸುಮಾರು ಎರಡೂವರೆ ಲೀಟರ್ ಸಿಗಬೇಕು. ಕುಡಿಯುವ ಮುನ್ನ ಬೆಲ್ಲ, ಉಪ್ಪು ಹಾಕಿ ಮತ್ತೊಂದು ಕುದಿ ಬರಿಸಿ. ಕೆಳಗಿಳಿಸಿ ಕಿತ್ತಳೆ ರಸ, ನಿಂಬೆರಸ ಸೇರಿಸಿ. ಈಗ ಕಬ್ಬು ನುರಿಸುವ ಕಾಲ, ಹೊಸ ಬೆಲ್ಲ ಸಿಗುತ್ತದೆ. ಬೆಲ್ಲ ಹಾಕಿದರೆ ಬರುವ ಆ ಕೆಂಬಣ್ಣ ಸಕ್ಕರೆಯಿಂದ ಬರುವುದಿಲ್ಲ. ಹಿಂಡಿ ಉಳಿದ ಸೇಬಿನ ಹಿಟ್ಟನ್ನು ಚೆಲ್ಲಬೇಡಿ. ಬೆಲ್ಲ ಹಾಕಿ ಬಾಡಿಸಿದರೆ ಮರುದಿನ ಚಪಾತಿಗೆ ಆಗುತ್ತದೆ.

ಕೆಲವು ಎಚ್ಚರಿಕೆಗಳು. ಪಾತ್ರೆ ಸ್ಟೀಲಿನದಿರಲಿ. ಅಲ್ಯೂಮಿನಿಯಂ ಆಗಲಿ, ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಯಾಗಲಿ ಹುಳಿಗೆ ಬೇಡ. ಹಸಿ ರಸವನ್ನು ಹಾಗೆಯೇ ಇಟ್ಟು ಕುಡಿಯಬೇಡಿ. 1996ರಲ್ಲಿ ಅಮೆರಿಕದಲ್ಲಿ ಕುದಿಸದ ಸೇಬಿನ ರಸದಲ್ಲಿ ರೋಗಾಣು ಸೇರಿ ಹಲವರು ಕಾಯಿಲೆ ಬಿದ್ದರು, ಒಂದು ಮಗು ತೀರಿಕೊಂಡಿತು. ಉಳಿದ ಪಾನಕವನ್ನು ಫ್ರಿಜ್ಜಿನಲ್ಲಿಟ್ಟು ಮರುದಿನವೇ ಕುದಿಸಿ ಮುಗಿಸಿ. ನೊರೆ ಬಂದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಬಿಸಿ ಮಾಡಿ ಸರಿಮಾಡಲು ಹೋಗಬೇಡಿ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ, ಸೇಬಿನ ರಸವೂ ಸಕ್ಕರೆಯೇ. ಅವರಿಗೆ ಅರ್ಧ ಲೋಟ ಸಾಕು.

ಇನ್ನೊಂದು ಮಾತು. ನಿಮ್ಮ ಮನೆಯಲ್ಲೂ ಕುಡಿತ ಬಿಟ್ಟವರಿದ್ದರೆ ಕೇಕನ್ನು ಮರೆಯಬೇಡಿ. ಒಣಹಣ್ಣನ್ನು ರಮ್ಮಿನಲ್ಲಿ ನೆನೆಸುವ ಬದಲು ಕಿತ್ತಳೆ ರಸದಲ್ಲಿ ಒಂದು ರಾತ್ರಿ ಫ್ರಿಜ್ಜಿನಲ್ಲಿ ನೆನೆಸಿ. ರುಚಿಗೆ ಏನೂ ಕೊರತೆಯಾಗುವುದಿಲ್ಲ. ಅಂಗಡಿಯಿಂದ ತರುವ ಕೇಕಾದರೆ ಕೇಳಿ ತನ್ನಿ.

ಅತ್ತೆಯವರ ಭರಣಿಯನ್ನು ಅಕ್ಕ ಒಡೆದು ಹಾಕಲಿಲ್ಲ. ತೊಳೆದು, ಬಿಸಿಲಿಗೆ ಒಣಗಿಸಿ, ಈಗ ಅದರಲ್ಲಿ ಮಾವಿನ ಉಪ್ಪಿನಕಾಯಿ ಹಾಕಿದ್ದಾರೆ. ಈ ಸಲವೂ ನಾವು ಎರಡು ಕಿಲೋ ಸೇಬು ಹೊತ್ತುಕೊಂಡು ನಿಲಂಗಾ ಮಾರ್ಗವಾಗಿ ಉದಗೀರಕ್ಕೆ ಹೊರಡುತ್ತೇವೆ. ಭಾವ ಮೊನ್ನೆ ಫೋನಿನಲ್ಲಿ, ಎರಡು ಕಿಲೋ ಸಾಲುವುದಿಲ್ಲ, ಮೂರು ತನ್ನಿ ಎಂದಿದ್ದಾರೆ.

ನಿಮ್ಮೆಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.